ನರ್ಸಮ್ಮನದಲ್ಲದ ಗಾಲಿಕುರ್ಚಿ

"ಬೋರಲು ಹಾಕು," ಎಂದಳು ವಿಮೆ ಅಕ್ಕ.

ತಮ್ಮ ಕದಲಲಿಲ್ಲ. ಸಲಕರಣೆ ಕೋಣೆಯ ಹೊಸ್ತಿಲಲ್ಲಿ ಬೀಗದ ಕೈ ಹಿಡಿದುಕೊಂಡು ನಿಂತೇ ಇದ್ದ. ಒಳಗೆ ಗೋಡೆಗೆ ಒರಗಿಸಿದ ಊರುಗೋಲುಗಳು, ಮಡಚಿಟ್ಟ ಮಂಚಗಳು, ಬಟ್ಟೆ ಹೊದಿಸಿದ ಆಮ್ಲಜನಕದ ಯಂತ್ರಗಳು. ಊರಿನಲ್ಲಿ ಯಾರು ಹಾಸಿಗೆ ಹಿಡಿದರೂ ಸೇವಾ ಕ್ಲಬ್ಬಿನವರು ಇಲ್ಲಿಂದಲೇ ಬೇಕಾದದ್ದನ್ನು ಒಯ್ದು ಕೊಡುತ್ತಿದ್ದರು. ಕಾಯಿಲೆ ಗುಣವಾದ ಮೇಲೆ, ಇಲ್ಲವೇ ಎಲ್ಲ ಮುಗಿದ ಮೇಲೆ, ಹೋಗಿ ವಾಪಸು ತರುತ್ತಿದ್ದರು. ಬಾಡಿಗೆ ಎಂಬ ಮಾತೇ ಇರಲಿಲ್ಲ. ಕೋಣೆಯ ನಡುವೆ, ಹಳೆಯ ಪರದೆಯೊಂದರ ಕೆಳಗೆ, ನರ್ಸಮ್ಮನ ಜೀವ ತೆಗೆದ ನೀಲಿ ಗಾಲಿಕುರ್ಚಿ.

"ಅಧ್ಯಕ್ಷರು ಮುಟ್ಟಬೇಡಿ ಅಂದಿದ್ದಾರೆ," ಎಂದ ತಮ್ಮ.

"ಅಂದಿದ್ದು ಸದಸ್ಯರಿಗೆ. ನಾನು ನಿಮ್ಮ ಕ್ಲಬ್ಬಿಗೆ ಚಂದಾ ಕೊಟ್ಟವಳೂ ಅಲ್ಲ, ಕೊಡೋಳೂ ಅಲ್ಲ. ಹಿಡಿ ಆ ಕಡೆ."

ಕಳೆದ ಭಾನುವಾರ, ಆಂಬುಲೆನ್ಸ್ ಕೊಳ್ಳಲು ಹಣ ಕೂಡಿಸುವುದಕ್ಕೆಂದು ಕ್ಲಬ್ಬು ನಡೆಸಿದ ಮೇಳದಲ್ಲಿ, ಸಭಾಂಗಣದ ಬಾಗಿಲಲ್ಲಿ ಟಿಕೆಟ್ ಮಾರುತ್ತಿದ್ದ ನರ್ಸಮ್ಮ ಕುರ್ಚಿಯ ಸಮೇತ ಇಳಿಜಾರಿನಲ್ಲಿ ಉರುಳಿ, ಕೆಳಗಿನ ಕಲ್ಲುಗೋಡೆಗೆ ಬಡಿದು ತೀರಿಕೊಂಡಿದ್ದರು. ಎರಡೂ ಬ್ರೇಕುಗಳ ಬೋಲ್ಟು ಕಳಚಿದ್ದವು. ಪೊಲೀಸರು ಅಪಘಾತ ಎಂದು ಬರೆದುಕೊಂಡು ಹೋದರು. ಊರಿನವರು ಬರೆಯದೆಯೇ ತಮ್ಮನ ಹೆಸರು ಹೇಳಿದರು. ಮೇಳಕ್ಕೆ ಮೊದಲು ಎಲ್ಲ ಕುರ್ಚಿಗಳನ್ನೂ ಬಿಗಿ ಮಾಡಿ ಸರಿಯಿದೆ ಎಂದವನು ಅವನೇ ತಾನೆ.

ಅವನು ಔಷಧಿ ಅಂಗಡಿಯವನು. ವಾರದ ರಜೆಯಲ್ಲಿ ಇಲ್ಲಿ ಬಂದು ಸ್ಪ್ಯಾನರ್ ಹಿಡಿದು ಕೂರುವುದು ಅವನಿಗೆ ಹುಚ್ಚು ಪ್ರೀತಿ. ಈಗ ಅಂಗಡಿಗೆ ಬಂದವರು ಗುಳಿಗೆ ತೆಗೆದುಕೊಂಡು, ಚೀಟಿಯನ್ನು ಎರಡೆರಡು ಸಲ ತಿರುಗಿಸಿ ನೋಡುತ್ತಿದ್ದರು. 

ವಿಮೆ ಅಕ್ಕ ಮೊಣಕಾಲೂರಿ ಕುಳಿತು ಕನ್ನಡಕವನ್ನು ಮೂಗಿನ ತುದಿಗೆ ಎಳೆದುಕೊಂಡಳು. ಸುಟ್ಟ ಅಂಗಡಿ, ಮಗುಚಿದ ಲಾರಿ, ಕಳುವಾಗದೆಯೇ ಕಳುವಾದ ಒಡವೆ: ವಿಮಾ ಕಂಪನಿಗಾಗಿ ಇವನ್ನೆಲ್ಲ ನೋಡಿ ನೋಡಿ ಅವಳ ಕಣ್ಣು ಪಳಗಿತ್ತು. ಆದರೆ ತನ್ನ ಮನೆಯವರಿಗಾಗಿ ಹೀಗೆ ನೆಲದ ಮೇಲೆ ಕೂತದ್ದು ಇದೇ ಮೊದಲು.

ಬ್ರೇಕ್ ಎಂದರೆ ದೊಡ್ಡ ಯಂತ್ರವೇನಲ್ಲ. ದೊಡ್ಡ ಚಕ್ರಗಳ ಮುಂದೆ ಒಂದೊಂದು ಹಿಡಿಕೆ. ಎಳೆದರೆ ಅದರ ಕಬ್ಬಿಣದ ಪಟ್ಟಿ ಟೈರನ್ನು ಅದುಮಿ ಹಿಡಿಯುತ್ತದೆ. ಹಿಡಿಕೆಯನ್ನು ಕುರ್ಚಿಗೆ ಬಿಗಿದಿರುವುದು ಒಂದೇ ಬೋಲ್ಟು. ಅದು ಸಡಿಲವಾದರೆ, ನೋಡುವವರಿಗೆ ಬ್ರೇಕು ಹಾಕಿದಂತೆಯೇ ಕಾಣುತ್ತದೆ. ಚಕ್ರ ಮಾತ್ರ ತನ್ನ ಪಾಡಿಗೆ ತಾನು ತಿರುಗುತ್ತದೆ.

ಬೋಲ್ಟುಗಳು ಇಳಿಜಾರಿನಲ್ಲೆಲ್ಲೋ ಬಿದ್ದು ಹೋಗಿದ್ದವು. ಅವು ಕೂತಿದ್ದ ತೂತುಗಳು ಉಳಿದಿದ್ದವು. ಎಡಗಡೆಯ ತೂತಿನ ಸುತ್ತ ಬಣ್ಣ ಕಿತ್ತುಬಂದಿತ್ತು, ಇಲಿ ಕಡಿದ ಹಾಗೆ ಗೀರುಗಳು. ಹೊಂದದ ಯಾವುದೋ ಸಲಕರಣೆ ಹಿಡಿದು, ಅಭ್ಯಾಸವಿಲ್ಲದ ಕೈಯೊಂದು ಮತ್ತೆ ಮತ್ತೆ ಹೆಣಗಿದ ಗುರುತು ಅದು. ಬಲಗಡೆ ಒಂದೇ ಒಂದು ಗೀರಿರಲಿಲ್ಲ.

"ತಾನಾಗಿ ಕಳಚಿದ್ದಲ್ಲ ಇದು. ಯಾರೋ ಬಿಚ್ಚಿದ್ದಾರೆ," ಎಂದಳು. "ನಿನ್ನ ತಪ್ಪಲ್ಲ ಕಣೋ."

ಆ ಮಾತಿಗೆ ಅವನು ಉಸಿರು ಬಿಡುತ್ತಾನೆ, ಅಳುತ್ತಾನೆ, ಏನಾದರೂ ಮಾಡುತ್ತಾನೆ ಎಂದುಕೊಂಡಿದ್ದಳು. ಅವನು ಏನೂ ಮಾಡಲಿಲ್ಲ. ಇಷ್ಟು ದಿನ ಹೊತ್ತ ಭಾರ ಒಂದೇ ಮಾತಿಗೆ ಇಳಿಯುವುದಿಲ್ಲ ಎಂದು ಅವಳೇ ಸಮಾಧಾನ ಮಾಡಿಕೊಂಡಳು.

ಕುರ್ಚಿಯನ್ನು ನೆಟ್ಟಗೆ ನಿಲ್ಲಿಸುವಾಗ ಅವಳ ಅಂಗೈ ಚಕ್ರದ ಹೊರಗಿನ ಬಳೆಯನ್ನು ಸವರಿತು. ಕೂತವರು ಕೈಯಿಂದ ತಳ್ಳಿಕೊಂಡು ಮುಂದೆ ಹೋಗುವ ಬಳೆ ಅದು. ಎಡಗಡೆಯದು ಬಣ್ಣವೆಲ್ಲ ಸವೆದು, ಅಂಗೈಯ ಉಜ್ಜಾಟಕ್ಕೆ ಫಳಫಳ ಹೊಳೆಯುತ್ತಿತ್ತು. ಬಲಗಡೆಯದರಲ್ಲಿ ನೀಲಿ ಬಣ್ಣ ಅಂಗಡಿಯಿಂದ ತಂದ ದಿನದ ಹಾಗೆಯೇ ಇತ್ತು.

"ನರ್ಸಮ್ಮನ ಬಲಗೈಗೆ ಏನಾದ್ರೂ ತೊಂದ್ರೆ ಇತ್ತಾ?"

"ಇಲ್ಲ. ಮೊಣಕಾಲು ಮಾತ್ರ. ಗೋಡೆ ಹಿಡ್ಕೊಂಡು ನಾಲ್ಕು ಹೆಜ್ಜೆ ನಡೀತಿದ್ರು."

"ಹಾಗಾದ್ರೆ ಇದು ನರ್ಸಮ್ಮನ ಕುರ್ಚಿ ಅಲ್ಲ."

ತಮ್ಮ ಬೀಗದ ಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಎಲ್ಲಾ ಒಂದೇ ಥರ ಕುರ್ಚಿಗಳು ಅಕ್ಕ. ಗಡಿಬಿಡೀಲಿ ಬದಲಾಗಿರಬಹುದು."

"ಒಂದೇ ಕೈಯಲ್ಲಿ ತಳ್ಳಿಕೊಳ್ಳೋರು ಈ ಊರಲ್ಲಿ ಎಷ್ಟು ಜನ ಇದ್ದಾರೆ?"

ಅವನು ನೆಲದಲ್ಲಿ ಬಿದ್ದಿದ್ದ ಪರದೆಯನ್ನು ಎತ್ತಿಕೊಂಡ. ಉತ್ತರದ ಅಗತ್ಯವೂ ಇರಲಿಲ್ಲ. ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರ ಹೆಂಡತಿಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋದದ್ದು ಇಡೀ ಊರಿಗೆ ಗೊತ್ತಿತ್ತು.

"ಬಿಟ್ಟುಬಿಡಕ್ಕ," ಎಂದ ತಮ್ಮ ಕೊನೆಗೆ. "ನನ್ನ ತಪ್ಪು ಅಂತಲೇ ಆಗ್ಲಿ. ಸಂಜೆ ಸಂತಾಪ ಸಭೆ ಮುಗಿದ್ರೆ ಎಲ್ಲಾ ತಣ್ಣಗಾಗುತ್ತೆ. ಅಲ್ಲಿ ಅಮ್ಮ ಬೇರೆ ಮಾತಾಡಬೇಕು."

ಈ ಕ್ಲಬ್ಬನ್ನು ಹುಟ್ಟುಹಾಕಿದವರು ಅವರ ಅಮ್ಮ ಮತ್ತು ನರ್ಸಮ್ಮ. ಹರೆಯದಿಂದ ಒಂದೇ ಕೊಡೆಯಲ್ಲಿ ನಡೆದವರು ಎಂದು ಊರು ಹೇಳುತ್ತಿತ್ತು. ಮೇಳದ ದಿನವೂ ಬಾಗಿಲ ಒಂದು ಪಕ್ಕ ನರ್ಸಮ್ಮ ಟಿಕೆಟ್ ಹಿಡಿದಿದ್ದರೆ, ಇನ್ನೊಂದು ಪಕ್ಕ ಅಮ್ಮ ಮೇಜು ಹಾಕಿಕೊಂಡು ಹೂಗಿಡ ಮಾರುತ್ತಿದ್ದಳು. ಮರುದಿನದಿಂದ ಅಮ್ಮ ಬಾಯಿಗೆ ಬೀಗ ಹಾಕಿಕೊಂಡವಳು ತೆಗೆದಿರಲಿಲ್ಲ.

"ಅಮ್ಮನ ಸಲುವಾಗಿಯಾದ್ರೂ ಗೊತ್ತಾಗಬೇಕು," ಎಂದು ವಿಮೆ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಯೋಚನೆ. ಕುರ್ಚಿ ಡಾಕ್ಟರ ಹೆಂಡತಿಯದಾದರೆ, ಆ ಬೋಲ್ಟು ಬಿಚ್ಚಿದವರು ಮುಗಿಸಲು ಹೊರಟದ್ದು ನರ್ಸಮ್ಮನನ್ನಲ್ಲ. ಮುಗಿಸಬೇಕೆಂದಿದ್ದವರು ಇನ್ನೂ ಬದುಕಿದ್ದಾರೆ. ಆ ಕುರ್ಚಿಯನ್ನು ಯಾರೂ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದವರು ಅವರ ಗಂಡ.

ಹಲ್ಲಿನ ಡಾಕ್ಟರ ಮನೆಯ ಮುಂದಿನ ಕೋಣೆಯೇ ದವಾಖಾನೆ. ದಪ್ಪ ಮೀಸೆಯ ರೋಗಿಯೊಬ್ಬ ಬಾಯಲ್ಲಿ ಹತ್ತಿ ಇಟ್ಟುಕೊಂಡು, ಚಾವಣಿ ನೋಡುತ್ತ ಮಲಗಿದ್ದ. ಡಾಕ್ಟರು ವಿಮೆ ಅಕ್ಕನನ್ನು ಪಕ್ಕದ ಸಣ್ಣ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು.

"ನೀವು ಕಂಪನಿ ಪರವಾಗಿ ಬಂದಿದ್ದೀರೋ, ನಿಮ್ಮ ತಮ್ಮನ ಪರವಾಗಿಯೋ?"

"ಸದ್ಯಕ್ಕೆ ನನ್ನ ಪರವಾಗಿ. ಕುರ್ಚಿ ನೋಡಿದೆ."

ಅವರ ಮುಖ ಗಂಟಿಕ್ಕಿತು. "ಬೇಡ ಅಂದಿದ್ದೆ. ಯಾಕೆ ಅಂದೆ ಗೊತ್ತಾ? ಆಂಬುಲೆನ್ಸಿಗೆ ಕೊಡ್ತೀವಿ ಅಂದವರು ಒಬ್ಬೊಬ್ಬರೇ ಜಾರಿಕೊಳ್ತಿದ್ದಾರೆ. ಹೆರಿಗೆ ನೋವು ಬಂದ ಹೆಂಗಸರನ್ನ ಇವತ್ತಿಗೂ ತರಕಾರಿ ಗಾಡೀಲಿ ಹಾಕ್ಕೊಂಡು ಆಸ್ಪತ್ರೆಗೆ ತರ್ತಾರೆ ಈ ಸುತ್ತಲ ಹಳ್ಳಿಯವರು. ನರ್ಸಮ್ಮನ ಆಸೆ ಅದು. ಅಪಘಾತ ಅಂದ್ರೆ ಜನ ಮರೀತಾರೆ. ಬೇರೆ ಏನಾದ್ರೂ ಅಂದ್ರೆ ಮರೆಯಲ್ಲ, ಕೊಡೋದೂ ಇಲ್ಲ."

"ಆ ಕುರ್ಚಿ ನರ್ಸಮ್ಮನದಲ್ಲ, ಡಾಕ್ಟ್ರೇ. ನಿಮ್ಮ ಮನೆಯವರದ್ದು."

"ಏನು ಮಾತು ಅಂತ ಆಡ್ತೀರಿ? ಅವಳ ಕುರ್ಚಿ ಒಳಗೇ ಇದೆ. ಅವಳು ಅದರಲ್ಲೇ ಕೂತಿದ್ದಾಳೆ. ವಾರಪೂರ್ತಿ ನಾನೇ ತಳ್ಳಿದ್ದೀನಿ."

"ಹಿಂದೆ ನಿಂತು ತಳ್ಳಿದ್ದೀರಿ. ಪಕ್ಕಕ್ಕೆ ಬಂದು ನೋಡಿ."

ಒಳಕೋಣೆಯ ಕಿಟಕಿಯ ಬಳಿ ಡಾಕ್ಟರ ಹೆಂಡತಿ ಮಡಿಲಲ್ಲಿ ಬಲಗೈಯನ್ನು ಮಲಗಿಸಿಕೊಂಡು, ಬಿಸಿಲಿಗೆ ಮುಖ ಕೊಟ್ಟು ಕುಳಿತಿದ್ದರು. ಒಳಬಂದವರನ್ನು ನೋಡಿದರು. ಡಾಕ್ಟರು ಬಗ್ಗಿದರು. ಎಡಗಡೆಯ ಬಳೆ ಸವೆದಿತ್ತು. ಸುತ್ತು ಹಾಕಿ ಬಂದು ನೋಡಿದರು. ಬಲಗಡೆಯದೂ ಅಷ್ಟೇ ಸವೆದಿತ್ತು.

ಅವರು ನೆಟ್ಟಗಾಗಲು ಹೊತ್ತು ಹಿಡಿಯಿತು. ಆದಾಗ ಮುಖ ಸುಣ್ಣದ ಹಾಗಿತ್ತು.

"ಅಂದರೆ... ಬ್ರೇಕಿಲ್ಲದ ಆ ಕುರ್ಚೀಲಿ... ಇವಳು..."  ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ಅಲ್ಲೇ ನಿಂತುಬಿಟ್ಟರು.

ನಟಿಸುವವರನ್ನು ವಿಮೆ ಅಕ್ಕ ಬಹಳ ಕಂಡಿದ್ದಳು. ಈ ಭಯ ನಟನೆಯದಾಗಿರಲಿಲ್ಲ. ಬರುವ ದಾರಿಯಲ್ಲಿ ಕಟ್ಟಿಕೊಂಡು ಬಂದದ್ದು ಅಲ್ಲೇ ಕುಸಿಯಿತು.

"ನೀವು ಹೊರಗೆ ಹೋಗಿ," ಎಂದರು ಹೆಂಡತಿ. ಪಾರ್ಶ್ವವಾಯುವಿನಿಂದ ಮಾತು ಕೊಂಚ ತೊದಲುತ್ತಿತ್ತು, ಆದರೆ ಅಳುಕಿರಲಿಲ್ಲ. "ಪಾಪ, ಆ ಮನುಷ್ಯ ಬಾಯಿ ತೆರಕೊಂಡು ಬಿದ್ದಿದ್ದಾನೆ."

"ಅಲ್ಲ ಕಣೇ..."

"ಹೋಗಿ. ಇವರ ಹತ್ರ ನಾನು ಮಾತಾಡಬೇಕು."

ಬಾಗಿಲು ಮುಚ್ಚಿತು. ವಿಮೆ ಅಕ್ಕ ಒಂದು ಸ್ಟೂಲು ಎಳೆದುಕೊಂಡು ಹತ್ತಿರ ಕುಳಿತಳು. ತಾನಾಗಿ ಏನೂ ಕೇಳಲಿಲ್ಲ. ಹೇಳಬೇಕೆಂದು ಕಾದು ಕೂತವರನ್ನು ಕೇಳಬಾರದು ಎಂಬುದು ಅವಳು ಕೆಲಸದಲ್ಲಿ ಕಲಿತದ್ದು.

"ಆ ಬೋಲ್ಟು ಸಡಿಲ ಮಾಡಿದ್ದು ನಾನೇ," ಎಂದರು ಡಾಕ್ಟರ ಹೆಂಡತಿ.

ಹೊರಗಿನಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಬಂದು ನಿಂತಿತು.

"ನಿಮ್ಮ ತಮ್ಮ ಬಿಗಿ ಮಾಡಿ ಹೋದ ಮೇಲೆ ಇವರ ಹಲ್ಲು ಕೀಳುವ ಇಕ್ಕಳ ತಗೊಂಡೆ. ಎಡಗೈಯಲ್ಲಿ ಎಷ್ಟು ದಿನ ಹೆಣಗಿದೆನೋ. ಇವರು ಬೆಳಿಗ್ಗೆ ಎದ್ದು ನನಗೆ ಸ್ನಾನ ಮಾಡಿಸಿ, ತಲೆ ಬಾಚಿ, ಆಮೇಲೆ ರೋಗಿಗಳನ್ನ ನೋಡೋದು. ರಾತ್ರಿ ನಾನು ಮಗ್ಗುಲು ಬದಲಾಯಿಸಬೇಕಾದ್ರೂ ಎದ್ದೇಳಬೇಕು. ಒಂದು ದಿನ ಬೇಸರ ತೋರಿಸಿದವರಲ್ಲ. ತೋರಿಸಿದ್ದರೆ ನಾನು ಬದುಕಿಕೊಳ್ತಿದ್ದೆನೇನೋ."

"ಬ್ರೇಕನ್ನ ನೀವೇ ಬಿಡಬಹುದಿತ್ತಲ್ಲ," ಎಂದಳು ವಿಮೆ ಅಕ್ಕ ಮೆಲ್ಲಗೆ.

"ಬಿಟ್ಟರೆ ನಾನೇ ಬಿಟ್ಟೆ ಅಂತ ಇವರಿಗೆ ಗೊತ್ತಾಗುತ್ತೆ. ಜೀವನಪೂರ್ತಿ ಕೊರಗ್ತಾರೆ. ಬೋಲ್ಟು ಸಡಿಲವಾಗಿತ್ತು ಅಂದ್ರೆ ಕುರ್ಚಿ ತಪ್ಪು." ಅವರು ಬಲಗೈಯನ್ನು ಎಡಗೈಯಿಂದ ಸರಿಪಡಿಸಿಕೊಂಡರು. "ಕುರ್ಚಿ ಸರಿ ಮಾಡಿದವರ ಮೇಲೆ ಬರುತ್ತೆ ಅಂತ ಆಗ ನನಗೆ ಹೊಳೀಲಿಲ್ಲ. ನಿಮ್ಮ ತಮ್ಮನಿಗೆ ನಾನು ಯಾವ ಮುಖ ತೋರಿಸಲಿ?"

ವಿಮೆ ಅಕ್ಕನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಅವರ ಬಲಗೈಯ ಮೇಲೆ ತನ್ನ ಕೈಯಿಟ್ಟಳು, ಆ ಕೈಗೆ ಅದು ತಿಳಿಯುವುದಿಲ್ಲ ಎಂದು ಗೊತ್ತಿದ್ದರೂ.

"ನರ್ಸಮ್ಮನಿಗೆ ಹೇಗೆ ಗೊತ್ತಾಯ್ತು?"

"ಮೇಳದ ದಿನ ಸಭಾಂಗಣದ ಹಿಂದಿನ ಕೋಣೇಲಿ ನಾವಿಬ್ಬರೇ ಇದ್ವಿ. ಸುಮ್ಮನೆ ಮಾತಾಡ್ತಾ ನನ್ನ ಬ್ರೇಕ್ ಹಿಡಿಕೆ ಮೇಲೆ ಕೈಯಿಟ್ಟರು. ಅದು ಅಲ್ಲಾಡಿತು. ಗೀರು ನೋಡಿದರು, ನನ್ನ ಮುಖ ನೋಡಿದರು. ಎಷ್ಟು ರೋಗಿಗಳನ್ನ ಕಂಡವರು ಅವರು. ಬೈಯಲಿಲ್ಲ. 'ಇವತ್ತು ನೀನು ನನ್ನ ಕುರ್ಚೀಲಿ ಕೂರ್ತೀಯ, ನಾಳೆ ಬೆಳಿಗ್ಗೆ ನಾನು ನಿಮ್ಮನೆಗೆ ಬರ್ತೀನಿ, ನಾಡಿದ್ದೂ ಬರ್ತೀನಿ' ಅಂದರು. ಬರ್ತೀನಿ ಅಂದವರು ಬರಲೇ ಇಲ್ಲ."

ಅವರ ಅಳು ತಗ್ಗುವವರೆಗೆ ವಿಮೆ ಅಕ್ಕ ಕಾದಳು. ಆಮೇಲೆ ಹೇಳಲೇಬೇಕಾದದ್ದನ್ನು ಹೇಳಿದಳು.

"ಅಮ್ಮಾ, ಆ ಕುರ್ಚಿಯ ಎರಡೂ ಬೋಲ್ಟು ಕಳಚಿದ್ದವು."

ಅಳು ನಿಂತಿತು. "ಎರಡೂ?"

"ಎಡಗಡೆದು, ಬಲಗಡೆದು, ಎರಡೂ."

"ಬಲಗಡೆಗೆ ನನ್ನ ಕೈ ಹೋಗೋದೇ ಇಲ್ಲ," ಎಂದರು ಡಾಕ್ಟರ ಹೆಂಡತಿ. ಎಡಗೈಯನ್ನು ಮಡಿಲ ಆಚೆ ಚಾಚಿ ತೋರಿಸಿದರು. ಬೆರಳು ಟೈರಿನ ಮೇಲಂಚಿಗೂ ಮುಟ್ಟಲಿಲ್ಲ. "ಅದು ಗಟ್ಟಿಯಾಗೇ ಇತ್ತು. ನರ್ಸಮ್ಮ ನನ್ನ ಕಣ್ಣೆದುರಿಗೇ ಎಳೆದು ನೋಡಿದರು. ಸಡಿಲ ಇದ್ದದ್ದು ಒಂದೇ. ಅದನ್ನೂ ಸರಿ ಮಾಡು ಅಂತ ಹೇಳಿದ್ರಲ್ಲ."

"ಯಾರಿಗೆ?"

"ನನ್ನನ್ನ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಎತ್ತಿ ಕೂರಿಸೋಕೆ ಯಾರಾದ್ರೂ ಬೇಕಿತ್ತಲ್ಲ. ಅವರನ್ನೇ ಕರೆದರು. ನನ್ನ ವಿಷಯ ಏನೂ ಹೇಳಲಿಲ್ಲ, ಬೋಲ್ಟು ಸಡಿಲ ಆಗಿದೆ ನೋಡು ಅಂದರು ಅಷ್ಟೇ." ಡಾಕ್ಟರ ಹೆಂಡತಿ ಅಚ್ಚರಿಯಿಂದ ಅವಳನ್ನು ನೋಡಿದರು. "ನಿಮ್ಮ ತಮ್ಮ ನಿಮಗೆ ಹೇಳಲಿಲ್ವಾ?"

ಔಷಧಿ ಅಂಗಡಿಯಲ್ಲಿ ಮುದುಕರೊಬ್ಬರು ಕೆಮ್ಮಿನ ಔಷಧಿಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಕೋ ಆಮೇಲೋ ಎಂದು ಕೇಳುತ್ತಿದ್ದರು. ತಮ್ಮ ತಾಳ್ಮೆಯಿಂದ ಹೇಳಿದ. ಅವರು ಮೆಟ್ಟಿಲಿಳಿಯುವವರೆಗೆ ವಿಮೆ ಅಕ್ಕ ಬಾಯಿ ತೆರೆಯಲಿಲ್ಲ. ಆಮೇಲೆ ಕೌಂಟರಿನ ಹಲಗೆ ಎತ್ತಿ ಒಳಗೆ ಹೋಗಿ ಅವನ ಎದುರು ನಿಂತಳು.

"ಡಾಕ್ಟರ ಮನೆಯವರನ್ನ ಎತ್ತಿ ಕೂರಿಸಿದ್ದು ನೀನಾ?"

ಅವನು ಕೈಯಲ್ಲಿದ್ದ ಸೀಸೆಯನ್ನು ಕಪಾಟಿನಲ್ಲಿಟ್ಟ. "ಹೂಂ."

"ಇವತ್ತು ಬೆಳಿಗ್ಗೆ ನಾನು ನೆಲದ ಮೇಲೆ ಬಿದ್ದು ಆ ಕುರ್ಚಿ ನೋಡ್ತಿದ್ದೆ. ನೀನು ಗಡಿಬಿಡೀಲಿ ಬದಲಾಗಿರಬಹುದು ಅಂದೆ."

ಅವನು ಸೀಸೆಯ ಹೆಸರುಚೀಟಿ ಮುಂದೆ ಬರುವಂತೆ ತಿರುಗಿಸಿಟ್ಟ.

"ನರ್ಸಮ್ಮ ಸರಿ ಮಾಡು ಅಂದಿದ್ರಂತೆ. ಮರೆತೆಯಾ? ಮರೆತಿದ್ರೆ ಮರೆತೆ ಅನ್ನು. ನಾನೇನು ನಿನ್ನ ಗಲ್ಲಿಗೆ ಹಾಕಲ್ಲ."

"ಮರೀಲಿಲ್ಲ," ಎಂದ ತಮ್ಮ. "ಆಗಲೇ ಸ್ಪ್ಯಾನರ್ ತಂದೆ. ನರ್ಸಮ್ಮ ಕೂತಿದ್ದ ಹಾಗೇ ಎಡಗಡೆದು ಬಿಗಿ ಮಾಡಿದೆ. ಅನುಮಾನಕ್ಕೆ ಬಲಗಡೆದಕ್ಕೂ ಒಂದು ಸುತ್ತು ಕೊಟ್ಟೆ. ಬಾಗಿಲ ಹತ್ರ ಬಿಟ್ಟು, ಬ್ರೇಕ್ ಹಾಕಿ, ಹಿಂದಿನಿಂದ ನೂಕಿ ನೋಡಿದೆ. ಬಂಡೆ ಹಾಗೆ ನಿಂತಿತ್ತು, ಅಕ್ಕ."

 ತಪ್ಪು ಮಾಡದವನು, ತಪ್ಪು ಮಾಡಿಲ್ಲವೆಂದು ಚೆನ್ನಾಗಿ ಗೊತ್ತಿರುವವನು, ಇಡೀ ಊರಿನ ಬೈಗುಳವನ್ನು ತಲೆ ತಗ್ಗಿಸಿ ತಿಂದಿದ್ದಾನೆ.

"ಆಮೇಲೆ ಕುರ್ಚಿ ಖಾಲಿ ಆಗಿತ್ತಾ?"

"ಒಂದ್ಸಲ ನರ್ಸಮ್ಮ ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗಿದ್ರು. ಬಂದು ಕೂತರು. ಆಮೇಲೇ ಅದು ಆಗಿದ್ದು."

"ಸ್ಪ್ಯಾನರ್ ನಿನ್ನ ಹತ್ರಾನೇ ಇತ್ತಾ?"

ಅವನು ಅಂಗಡಿಯ ಹೊರಗೆ ನೋಡಿದ. ಬೀದಿಯಾಚೆ ಬಸ್ಸಿಗೆ ಕಾಯುವವರು ನಿಂತಿದ್ದರು. ಅವರ ಕಡೆ ನೋಡುತ್ತಲೇ ಹೇಳಿದ.

"ಅಮ್ಮ ಕೇಳಿದ್ಲು. ಗಿಡದ ಮೇಜು ಅಲ್ಲಾಡ್ತಿದೆ, ಕಾಲಿನ ಬೋಲ್ಟು ಬಿಗಿ ಮಾಡ್ಬೇಕು ಅಂದ್ಲು. ನಾನು ಮಾಡ್ತೀನಿ ಅಂದೆ. ಬೇಡ, ನೀನು ಒಳಗೆ ಜನ ನೋಡ್ಕೋ ಅಂದ್ಲು. ಕೊಟ್ಟು ಹೋದೆ."

ವಿಮೆ ಅಕ್ಕ ಹಿಡಿದಿಟ್ಟಿದ್ದ ಉಸಿರು ಬಿಟ್ಟಳು. "ಇದಕ್ಕಾ ಹೀಗೆ ಒದ್ದಾಡ್ತಿದ್ದೀಯ? ಅಷ್ಟು ಜನ ಓಡಾಡೋ ಜಾಗ. ಅಮ್ಮ ಮೇಜಿನ ಮೇಲೆ ಇಟ್ಟಿರ್ತಾಳೆ, ಯಾರೋ ಎತ್ತಿಕೊಂಡಿದ್ದಾರೆ. ಅಮ್ಮನ್ನೇ ಕೇಳಿದ್ರೆ ಆಯ್ತು."

"ಕೇಳಿದೆ. ಅವತ್ತು ರಾತ್ರೀನೇ ಕೇಳಿದೆ. ಮೇಜಿನ ಬೋಲ್ಟು ಬಿಗಿ ಮಾಡಿದೆ, ಸ್ಪ್ಯಾನರ್ ಅಲ್ಲೇ ಇಟ್ಟೆ, ಆಮೇಲೆ ನೋಡಲಿಲ್ಲ ಅಂದ್ಲು."

"ಸರಿ ಮತ್ತೆ."

ತಮ್ಮ ಅವಳ ಕಡೆ ತಿರುಗಿದ. ಇಷ್ಟು ದಿನದಲ್ಲಿ ಮೊದಲ ಸಲ ಅವನು ಅವಳನ್ನು ನೇರವಾಗಿ ನೋಡುತ್ತಿದ್ದ.

"ಮೇಳ ಮುಗಿದ ಮೇಲೆ ಆ ಮೇಜನ್ನ ಎತ್ತಿ ಗಾಡಿಗೆ ಹಾಕಿದವನು ನಾನೇ, ಅಕ್ಕ. ಅದು ಪ್ಲಾಸ್ಟಿಕ್ ಮೇಜು. ಅದ್ರಲ್ಲಿ ಒಂದು ಬೋಲ್ಟೂ ಇಲ್ಲ."